ಬೇಸಗೆಯ ಚಳಿಗೆ ಅಂಜಿದ ಊರು

ಜಪಾನ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ನಿಲ್ಲುವುದು ಟೋಕಿಯೊ ನಗರ, ಬಾಣದಂತೆ ಓಡುವ ರೈಲು, ಫ್ಯೂಜಿ ಪರ್ವತ, ಚೆರ್ರಿ ಹೂವು. ತುಸು ಓದಿದವರಿಗೆ ಹಿರೋಶಿಮಾ ನೆನಪಾದೀತು. ಸಾಹಿತ್ಯಪ್ರಿಯರಿಗೆ ಬಾಶೋ ಕವಿಯ ಹಾಯಿಕುಗಳು ನೆನಪಾದಾವು. ಆದರೆ ಒಂದು ದೇಶವನ್ನು ಅದರ ರಾಜಧಾನಿಯಿಂದ ಅಳೆಯುವುದು ಮನೆಯನ್ನು ಅದರ ತಲೆಬಾಗಿಲಿನಿಂದ ಅಳೆದಂತೆ. ಒಲೆ ಇರುವುದು ಒಳಗೆ. ಜಪಾನಿನ ಒಳಮನೆಯಂತಿರುವ ಒಂದು ಸಣ್ಣ ಊರಿನ ಚರಿತ್ರೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ಊರಿನ ಹೆಸರು ಹನಾಮಾಕಿ. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಪುಸ್ತಕಗಳ ದಾರಿಯಲ್ಲಿ ನಡೆದು ಅಲ್ಲಿಗೆ ಹೋಗಿಬಂದವನು. ಆದರೂ ಕಂಡ ಎಷ್ಟೋ ಊರುಗಳಿಗಿಂತ ಈ ಕಾಣದ ಊರು ನನ್ನನ್ನು ಹೆಚ್ಚು ಕಾಡಿದೆ.

ಜಪಾನಿನ ದೊಡ್ಡ ದ್ವೀಪವಾದ ಹೊನ್ಶೂವಿನ ಈಶಾನ್ಯ ಭಾಗಕ್ಕೆ ತೋಹೋಕು ಎಂದು ಹೆಸರು. ಅಲ್ಲಿಯ ಇವಾತೆ ಪ್ರಾಂತದಲ್ಲಿ, ಟೋಕಿಯೊದಿಂದ ಉತ್ತರಕ್ಕೆ ಸುಮಾರು ೫೦೦ ಕಿಲೋಮೀಟರ್ ರೈಲು ದಾರಿಯಲ್ಲಿ ಹನಾಮಾಕಿ ಇದೆ. ಪಶ್ಚಿಮಕ್ಕೆ ಓಊ ಪರ್ವತಸಾಲು, ಪೂರ್ವಕ್ಕೆ ಕಿತಾಕಾಮಿ ಬೆಟ್ಟಗಳು, ನಡುವೆ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಕಿತಾಕಾಮಿ ನದಿ; ನದಿಯ ಎರಡೂ ಕಡೆ ಭತ್ತದ ಗದ್ದೆ. ೨೦೨೦ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು ೯೩ ಸಾವಿರ. ವಿಸ್ತೀರ್ಣವೋ ೯೦೦ ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಇದೆಂಥ ನಗರ ಎಂದು ನೀವು ಕೇಳಬಹುದು. ೧೯೫೪ರಲ್ಲಿ ಪಟ್ಟಣವೊಂದು ಸುತ್ತಲ ಹಳ್ಳಿಗಳನ್ನು ಕೂಡಿಸಿಕೊಂಡು ನಗರವಾಯಿತು; ೨೦೦೬ರಲ್ಲಿ ಇಶಿದೋರಿಯಾ, ಓಹಸಾಮಾ, ತೋವಾ ಎಂಬ ಮೂರು ಪಟ್ಟಣಗಳೂ ಸೇರಿದವು. ಹೀಗಾಗಿ ನಗರವೆಂಬುದು ಆಡಳಿತದ ಮಾತು. ವಾಸ್ತವದಲ್ಲಿ ಅದು ಗದ್ದೆ, ಸೇಬಿನ ತೋಟ, ಬೆಟ್ಟ, ಬಿಸಿನೀರಿನ ಬುಗ್ಗೆ, ಅವುಗಳ ನಡುವೆ ಚದುರಿದ ಮನೆಗಳ ಒಂದು ಸೀಮೆ.

ಈ ಸೀಮೆಯ ಇತಿಹಾಸವನ್ನೆಲ್ಲ ಆಳಿದವನು ಒಬ್ಬ ಅರಸನಲ್ಲ, ಒಂದು ಗಾಳಿ. ಅದರ ಹೆಸರು ಯಾಮಾಸೆ. ನಮ್ಮ ರೈತ ಬೇಸಗೆಯ ಬಿಸಿಲಿಗೆ ಅಂಜುತ್ತಾನೆ. ಅಲ್ಲಿಯ ರೈತ ಬೇಸಗೆಯ ಚಳಿಗೆ ಅಂಜುತ್ತಾನೆ. ಜೂನ್‌ನಿಂದ ಆಗಸ್ಟ್‌ವರೆಗಿನ ಬೆಳೆಯ ಕಾಲದಲ್ಲಿ ಕೆಲವು ವರ್ಷ ಓಖೋಟ್ಸ್ಕ್ ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ಹೊರಡುತ್ತದೆ. ಶೀತಪ್ರವಾಹದ ಕಡಲನ್ನು ಹಾಯ್ದು ಮಂಜು ಹೊತ್ತು ತೋಹೋಕುವಿನ ಮೇಲೆ ಕವಿಯುತ್ತದೆ. ಆಗ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಭತ್ತದ ಪೈರು ಹೊಡೆ ತುಂಬುವ ಹೊತ್ತಿಗೆ ಉಷ್ಣಮಾನ ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿದು ಕೆಲವು ದಿನ ನಿಂತರೆ ಪರಾಗ ಕಟ್ಟುವುದಿಲ್ಲ. ಪೈರು ಹಸಿರಾಗಿಯೇ ಇರುತ್ತದೆ, ತೆನೆಯೂ ಹೊರಡುತ್ತದೆ. ಆದರೆ ಕಾಳು ಕಟ್ಟದ ತೆನೆ ಬಾಗುವುದಿಲ್ಲ. ಕೊಯ್ಲಿನ ದಿನ ರೈತನ ಕೈಗೆ ಬರುವುದು ಜೊಳ್ಳು. ಬರಗಾಲದಲ್ಲಿ ನೆಲ ಬಿರಿದು ಮುನ್ಸೂಚನೆ ಕೊಡುತ್ತದೆ. ಈ ಚಳಿಯ ಕ್ಷಾಮವಾದರೋ ಹಸಿರು ಸೀರೆ ಉಟ್ಟುಕೊಂಡೇ ಬರುತ್ತದೆ.

ಇಂಥ ಸೀಮೆಯಲ್ಲಿ ಉಷ್ಣದೇಶದ ಬೆಳೆಯಾದ ಭತ್ತವನ್ನೇ ಏಕೆ ನೆಚ್ಚಬೇಕಿತ್ತು? ಅದಕ್ಕೆ ಉತ್ತರ ಹವೆಯಲ್ಲಿಲ್ಲ, ಕಂದಾಯದಲ್ಲಿದೆ. ಹದಿನೇಳನೆಯ ಶತಮಾನದಿಂದ ೧೮೬೮ರವರೆಗೆ ಜಪಾನನ್ನು ಆಳಿದ ತೊಕುಗಾವಾ ವ್ಯವಸ್ಥೆಯಲ್ಲಿ ಒಬ್ಬ ಸಾಮಂತನ ಘನತೆಯನ್ನು ಅಳೆಯುತ್ತಿದ್ದುದು ಅಕ್ಕಿಯಿಂದ. ಕೊಕು ಎಂಬುದು ಅಳತೆ. ಒಂದು ಕೊಕು ಎಂದರೆ ಸುಮಾರು ೧೮೦ ಲೀಟರ್, ಒಬ್ಬನಿಗೆ ಒಂದು ವರ್ಷದ ಅನ್ನವೆಂದು ಎಣಿಕೆ. ಹನಾಮಾಕಿಯನ್ನು ಒಳಗೊಂಡ ಮೊರಿಯೊಕಾ ಸಂಸ್ಥಾನವನ್ನು ನಾಂಬು ಮನೆತನದವರು ಆಳುತ್ತಿದ್ದರು. ಅದರ ಮೌಲ್ಯ ಒಂದು ಲಕ್ಷ ಕೊಕು ಎಂದಿತ್ತು. ೧೮೦೮ರಲ್ಲಿ ಅದನ್ನು ಎರಡು ಲಕ್ಷ ಕೊಕು ಎಂದು ಏರಿಸಿದರು. ನೆಲ ಒಂದು ಗೇಣೂ ಹೆಚ್ಚಲಿಲ್ಲ. ಉತ್ತರದ ಗಡಿಯನ್ನು ಕಾಯುವ ಹೊಣೆಯ ಜೊತೆಗೆ ದೊರೆಗೆ ದೊಡ್ಡ ಪದವಿ ದೊರಕಿತು. ಆ ಪದವಿಯ ಭಾರ ಇಳಿದದ್ದು ಗದ್ದೆಯವನ ಬೆನ್ನಿನ ಮೇಲೆ. ೧೭೮೦ರ ದಶಕದ ತೆಮ್ಮೆಯಿ ಕ್ಷಾಮದಲ್ಲಿ ಈ ಸಂಸ್ಥಾನದಲ್ಲಿ ಸತ್ತವರು ಹತ್ತಾರು ಸಾವಿರ. ೧೮೩೦ರ ದಶಕದಲ್ಲಿ ತೆಂಪೋ ಕ್ಷಾಮ ಮತ್ತೆ ಬಂತು. ರೈತರ ದಂಗೆಗಳು ಅತಿ ಹೆಚ್ಚು ನಡೆದ ಸಂಸ್ಥಾನಗಳಲ್ಲಿ ಮೊರಿಯೊಕಾ ಒಂದೆಂದು ಇತಿಹಾಸಕಾರರು ಎಣಿಸುತ್ತಾರೆ. ೧೮೫೩ರಲ್ಲಿ ಅದರ ಕರಾವಳಿಯ ಸಾವಿರಾರು ರೈತರು ಊರು ಬಿಟ್ಟು ಗಡಿ ದಾಟಿ, ನೆರೆಯ ಸೆಂದಾಯಿ ಸಂಸ್ಥಾನದಲ್ಲಿ ತಮ್ಮ ದೊರೆಯ ಮೇಲೆ ದೂರು ಕೊಟ್ಟರು.

ಭತ್ತ ಬೆಳೆದವರು ಉಣ್ಣುತ್ತಿದ್ದುದು ಭತ್ತವನ್ನಲ್ಲ. ಬೆಟ್ಟದ ಇಳಿಜಾರಿನಲ್ಲಿ ಚಳಿಗೆ ಜಗ್ಗದೆ ಬೆಳೆಯುವ ಹಿಯೆ ಎಂಬ ಕಿರುಧಾನ್ಯ, ನವಣೆ, ಸೋಬಾ, ಮೂಲಂಗಿ: ಇವೇ ಅವರ ಅನ್ನ. ಹಿಯೆ ನಮ್ಮ ಊದಲಿನ ಕುಲದ್ದೇ. ಒಡಹುಟ್ಟಲ್ಲದಿದ್ದರೂ ದಾಯಾದಿ ಎನ್ನಬಹುದು. ನಮ್ಮ ಒಣಸೀಮೆಯ ಬಡವನ ಗಂಗಾಳದಲ್ಲಿದ್ದ ಊದಲೂ ಆ ಚಳಿಸೀಮೆಯ ಬಡವನ ಬಟ್ಟಲಲ್ಲಿದ್ದ ಹಿಯೆಯೂ ಒಂದೇ ಕಥೆಯನ್ನು ಹೇಳುತ್ತವೆ: ಹೊಲಕ್ಕೆ ಯಾವುದು ಒಪ್ಪುತ್ತದೋ ಅದು ಉಣ್ಣಲಿಕ್ಕೆ, ಅರಮನೆಗೆ ಯಾವುದು ಒಪ್ಪುತ್ತದೋ ಅದು ಒಪ್ಪಿಸಲಿಕ್ಕೆ.

ಅಕ್ಕಿಯ ಹಂಬಲ ಆ ಸೀಮೆಯವರ ಹೆಸರಿನೊಳಗೂ ಸೇರಿಹೋಯಿತು. 'ಬುಶಿದೋ' ಗ್ರಂಥವನ್ನು ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿ, ಮುಂದೆ ರಾಷ್ಟ್ರಗಳ ಸಂಘದ ಉಪ ಮಹಾಕಾರ್ಯದರ್ಶಿಯಾದ ನಿತೋಬೆ ಇನಾಜೋ ಅವರ ಪೂರ್ವಿಕರು ಹನಾಮಾಕಿಯವರು. ಅವರ ಅಜ್ಜ ನಿತೋಬೆ ತ್ಸುತೋ ಉತ್ತರದ ಸಂಬೊಂಗಿ ಎಂಬ ಬರಡು ಬಯಲಿಗೆ ಬೆಟ್ಟ ಕೊರೆದು ಕಾಲುವೆ ತಂದರು. ೧೮೫೯ರಲ್ಲಿ ಅಲ್ಲಿ ನೀರು ಹರಿಯಿತು. ಆ ಬಯಲಿನಲ್ಲಿ ಮೊದಲ ಭತ್ತ ಬೆಳೆದ ಸಂತೋಷಕ್ಕೆ ೧೮೬೨ರಲ್ಲಿ ಹುಟ್ಟಿದ ಮೊಮ್ಮಗನ ಹೆಸರಿನಲ್ಲಿ 'ಇನ' ಎಂಬ ಅಕ್ಷರವನ್ನು ಇಟ್ಟರು. ಅದರ ಅರ್ಥ ಭತ್ತದ ಪೈರು. ಮಗುವಿಗೆ ದೇವರ ಹೆಸರಿಡುವುದನ್ನು ನಾವು ಬಲ್ಲೆವು. ಬೆಳೆಯ ಹೆಸರಿಡಬೇಕಾದರೆ ಆ ಬೆಳೆ ದೇವರಷ್ಟೇ ದುರ್ಲಭವಾಗಿದ್ದಿರಬೇಕು.

೧೮೬೮ರ ಮೇಯಿಜಿ ಪರಿವರ್ತನೆಯ ನಂತರ ಸಂಸ್ಥಾನಗಳು ಹೋದವು, ಕಂದಾಯವನ್ನು ಅಕ್ಕಿಯ ಬದಲು ಹಣದಲ್ಲಿ ಕೊಡಬೇಕಾಯಿತು. ೧೮೯೦ರಲ್ಲಿ ಹನಾಮಾಕಿಗೆ ರೈಲು ಬಂತು. ಆದರೆ ಯಾಮಾಸೆಗೆ ರಾಜಕೀಯ ತಿಳಿಯದು. ಬೆಳೆ ಕೈಕೊಟ್ಟ ವರ್ಷ ಹಣದ ಕಂದಾಯ ಕಟ್ಟಲು ರೈತ ಸಾಲ ಮಾಡಿದ, ಸಾಲಕ್ಕೆ ನೆಲ ಕೊಟ್ಟ, ತನ್ನದೇ ನೆಲದಲ್ಲಿ ಗೇಣಿದಾರನಾದ, ಬೆಳೆಯ ಅರ್ಧದಷ್ಟನ್ನು ಗೇಣಿಯಾಗಿ ಅಳೆದ. ನೆಲವಿಲ್ಲದವನು ಮೈಮೇಲಿನ ಬಟ್ಟೆಯನ್ನು ಒಯ್ದು ಗಿರವಿ ಇಟ್ಟ. ಆ ಊರಿನ ಒಂದು ಗಿರವಿ ಅಂಗಡಿಯಲ್ಲಿ, ಹಳೆಯ ಬಟ್ಟೆಯ ವ್ಯಾಪಾರವೂ ಇದ್ದ ಒಂದು ಮನೆಯಲ್ಲಿ, ೧೮೯೬ರ ಆಗಸ್ಟ್ ೨೭ರಂದು ಒಂದು ಗಂಡುಮಗು ಹುಟ್ಟಿತು. ಆ ವರ್ಷ ಜೂನ್ ೧೫ರಂದು ಇವಾತೆಯ ಕರಾವಳಿಗೆ ಅಪ್ಪಳಿಸಿದ ಸುನಾಮಿಯಲ್ಲಿ ಸುಮಾರು ಇಪ್ಪತ್ತೆರಡು ಸಾವಿರ ಜನ ಸತ್ತಿದ್ದರು. ಮಗು ಹುಟ್ಟಿದ ನಾಲ್ಕನೆಯ ದಿನ ಆ ಸೀಮೆಯನ್ನೇ ಭೂಕಂಪ ನಡುಗಿಸಿತು. ಮಗುವಿನ ಹೆಸರು ಮಿಯಾಜಾವಾ ಕೆಂಜಿ. ಇಂದು ಜಪಾನಿನ ಪ್ರತಿ ಶಾಲೆಯ ಮಕ್ಕಳಿಗೂ ಪರಿಚಿತನಾದ ಕವಿ, ಕಥೆಗಾರ.

ತಂದೆ ಮಾಸಾಜಿರೋ ಧರ್ಮಿಷ್ಠನಾದ ಬೌದ್ಧ. ಮಗನನ್ನು ಪ್ರೀತಿಯಿಂದಲೇ ಬೆಳೆಸಿದವನು. ಆದರೆ ಬಡವರು ತಲೆ ತಗ್ಗಿಸಿಕೊಂಡು ಅಂಗಡಿಯ ಮೆಟ್ಟಿಲು ಹತ್ತುವುದನ್ನು ಮಗ ನೋಡುತ್ತ ಬೆಳೆದ. ತನ್ನ ಬಟ್ಟಲಿನ ಬಿಳಿ ಅನ್ನ ಎಲ್ಲಿಂದ ಬಂತೆಂಬುದು ಅವನಿಗೆ ಬೇಗ ತಿಳಿಯಿತು. ಆತ ಅಂಗಡಿಯಲ್ಲಿ ಕೂರಲಾರದೆ ಹೋದ. ೧೯೧೫ರಲ್ಲಿ ಮೊರಿಯೊಕಾದ ಕೃಷಿ ಮತ್ತು ಅರಣ್ಯ ವಿದ್ಯಾಲಯವನ್ನು ಸೇರಿ ಮಣ್ಣಿನ ಶಾಸ್ತ್ರ ಓದಿದ. ೧೯೨೧ರ ಡಿಸೆಂಬರಿನಲ್ಲಿ ತನ್ನೂರಿನ ಕೃಷಿ ಶಾಲೆಯಲ್ಲಿ ಮೇಷ್ಟ್ರಾದ. ಮರುವರ್ಷ ನವೆಂಬರಿನಲ್ಲಿ ಪ್ರೀತಿಯ ತಂಗಿ ತೋಶಿ ತೀರಿಕೊಂಡಳು. ೧೯೨೪ರಲ್ಲಿ ಎರಡು ಪುಸ್ತಕಗಳು ಹೊರಬಂದವು: ಒಂದು ಕವನ ಸಂಗ್ರಹ, ಒಂದು ಮಕ್ಕಳ ಕಥೆಗಳದ್ದು. ಬದುಕಿರುವಷ್ಟು ಕಾಲ ಪ್ರಕಟವಾದ ಪುಸ್ತಕಗಳು ಅವೆರಡೇ. ಅವನ್ನು ಕೊಂಡವರು ಬಹಳ ಮಂದಿಯಲ್ಲ. ಕವನ ಸಂಗ್ರಹದ ಹೆಸರು 'ವಸಂತ ಮತ್ತು ಶುರಾ'. ಈ ಶುರಾ ಬೇರೇನೂ ಅಲ್ಲ, ನಮ್ಮ 'ಅಸುರ' ಶಬ್ದವೇ. ಬೌದ್ಧಧರ್ಮದ ಗ್ರಂಥಗಳೊಡನೆ ಹಿಮಾಲಯ, ಚೀನಾಗಳನ್ನು ದಾಟಿ ಜಪಾನಿಗೆ ಹೋದ ಶಬ್ದ. ಅಲ್ಲಿಯ ಬೌದ್ಧ ಕಲ್ಪನೆಯಲ್ಲಿ ಅಸುರನೆಂದರೆ ಕೋಪದಲ್ಲಿ ಬೇಯುವ, ಮನುಷ್ಯತ್ವದ ಹೊಸ್ತಿಲಾಚೆ ನಿಂತ ಜೀವ. ವಸಂತದ ಬೆಳಕಿನ ನಡುವೆ ಹಲ್ಲು ಕಚ್ಚಿಕೊಂಡು ಅಲೆಯುವ ಅಂಥ ಅಸುರ ತಾನೆಂದು ಕೆಂಜಿ ತಿಳಿದಿದ್ದ. ಅವನ ಕೋಪ ಯಾರ ಮೇಲೆ? ಪರರಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ಎಂದು ನನ್ನ ಭಾವನೆ.

ಮಕ್ಕಳಿಗೆ ಕೃಷಿ ಕಲಿಸಿ, ಹಳ್ಳಿಗೆ ಹೋಗಿ ದುಡಿಯಿರೆಂದು ಹೇಳಿ, ತಾನು ತಿಂಗಳ ಸಂಬಳ ಎಣಿಸುವುದು ಅವನಿಗೆ ಸರಿಬೀಳಲಿಲ್ಲ. ೧೯೨೬ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟ. ಊರ ಹೊರಗೆ ಅಜ್ಜನ ಕಾಲದ ಮನೆಯೊಂದರಲ್ಲಿ ಒಬ್ಬನೇ ನಿಂತು, ನದಿಯ ಬದಿಯಲ್ಲಿ ಹೊಲ ಮಾಡಿದ. ಕೆಳಗಿನ ಹೊಲದಲ್ಲಿದ್ದೇನೆ ಎಂದು ಬಾಗಿಲ ಬಳಿ ಕಪ್ಪು ಹಲಗೆಯ ಮೇಲೆ ಬರೆದಿಟ್ಟು ಹೋಗುತ್ತಿದ್ದ. 'ರಸು ಚಿಜಿನ್' ಎಂಬ ಸಂಘ ಕಟ್ಟಿ ಸಂಜೆ ರೈತರ ಮಕ್ಕಳಿಗೆ ಮಣ್ಣು, ಗೊಬ್ಬರ, ಗಿಡಗಳ ಶರೀರಶಾಸ್ತ್ರದ ಪಾಠ ಹೇಳಿದ. ಗ್ರಾಮಫೋನಿನಲ್ಲಿ ಬೀಥೋವನ್ ಕೇಳಿಸಿದ. ತಾನೇ ಚೆಲ್ಲೊ ವಾದ್ಯ ಕಲಿಯಲು ಒದ್ದಾಡಿದ. ಸಂಘದ ಮೇಲೆ ಪೊಲೀಸರ ಕಣ್ಣು ಬಿದ್ದದ್ದರಿಂದ ಅದು ಬಹುಕಾಲ ನಡೆಯಲಿಲ್ಲ. ಆದರೆ ಇನ್ನೊಂದು ಕೆಲಸ ನಡೆಯಿತು. ರೈತರು ಬಂದು ತಮ್ಮ ಗದ್ದೆಯ ಮಣ್ಣು, ನೀರು, ಬಿಸಿಲು, ಹಿಂದಿನ ಬೆಳೆಯ ವಿವರ ಹೇಳಿದರೆ ಆತ ಯಾವ ಗೊಬ್ಬರವನ್ನು ಯಾವಾಗ ಎಷ್ಟು ಹಾಕಬೇಕೆಂದು ಲೆಕ್ಕ ಹಾಕಿ ಒಂದು ಚೀಟಿ ಬರೆದುಕೊಡುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ. ಇಂಥ ಚೀಟಿಗಳು ಸುಮಾರು ಎರಡು ಸಾವಿರ ಎಂದು ಹೇಳುತ್ತಾರೆ. ಒಬ್ಬ ಕವಿಯ ಹಸ್ತಾಕ್ಷರದ ಇಷ್ಟು ಪ್ರತಿಗಳು ಗದ್ದೆಯ ಬದುವಿಗೆ ಹೋದ ಉದಾಹರಣೆ ಬೇರೆ ಯಾವ ಸಾಹಿತ್ಯದಲ್ಲಿದೆಯೋ ನಾನರಿಯೆ.

ಆತ ರೈತರಿಗೆ ಹೇಳುತ್ತಿದ್ದ ಭತ್ತದ ತಳಿಯ ಹೆಸರು 'ರಿಕುಊ ೧೩೨'. ಅದರ ಹಿಂದೆಯೂ ಒಂದು ಕಥೆಯುಂಟು. ೧೮೯೩ರಲ್ಲಿ ನೆರೆಯ ಯಾಮಾಗಾತಾ ಪ್ರಾಂತದ ಆಬೆ ಕಾಮೆಜಿ ಎಂಬ ರೈತ, ಚಳಿಗೆ ಜೊಳ್ಳಾಗಿ ನಿಂತಿದ್ದ ಗದ್ದೆಯಲ್ಲಿ ಮೂರೇ ಮೂರು ತೆನೆ ಕಾಳು ಕಟ್ಟಿರುವುದನ್ನು ಕಂಡ. ಆ ಮೂರು ತೆನೆಗಳನ್ನು ಬೇಡಿ ಒಯ್ದು, ವರ್ಷಗಟ್ಟಲೆ ಬಿತ್ತಿ ಆರಿಸಿ 'ಕಾಮೆ ನೊ ಓ' ಎಂಬ ತಳಿ ಮಾಡಿದ. ಆ ತಳಿಯನ್ನು ಇನ್ನೊಂದರೊಡನೆ ಕೂಡಿಸಿ ಅಕಿತಾ ಪ್ರಾಂತದ ಓಮಾಗಾರಿ ಸಂಶೋಧನ ಕೇಂದ್ರದವರು ೧೯೨೧ರಲ್ಲಿ ಹೊರತಂದದ್ದೇ ರಿಕುಊ ೧೩೨. ಇಂದು ಜಪಾನಿನಲ್ಲಿ ಅತಿ ಹೆಸರಾದ ಕೋಶಿಹಿಕಾರಿ ಅಕ್ಕಿ ಇದರದೇ ಸಂತತಿ. ಶ್ರೀಮಂತರ ಊಟದ ಮೇಜಿನ ಮೇಲಿರುವ ಆ ಹೊಳೆವ ಅನ್ನದ ವಂಶಾವಳಿಯ ಬುಡದಲ್ಲಿ ಒಬ್ಬ ಬಡ ರೈತ ಕಂಡ ಮೂರು ತೆನೆಗಳಿವೆ.

ಇಷ್ಟಾಗಿ, ಕೆಂಜಿಯ ಶ್ರಮದಿಂದ ಹನಾಮಾಕಿಯ ಹಸಿವು ನೀಗಿತೇ? ಇಲ್ಲ. ಈ ಮಾತನ್ನು ಮುಚ್ಚಿಡಬಾರದು. ಲೆಕ್ಕ ಸರಿಯಿದ್ದರೂ ಮಳೆ ಗಾಳಿಗಳು ಲೆಕ್ಕವನ್ನು ಮೀರುತ್ತಿದ್ದವು. ಪೈರು ಬಿದ್ದಾಗ ತನ್ನ ಚೀಟಿಯಿಂದಲೇ ಬಿದ್ದಿತೋ ಎಂದು ಆತ ಮಳೆಯಲ್ಲಿ ಗದ್ದೆಯಿಂದ ಗದ್ದೆಗೆ ಅಲೆದ. ೧೯೨೮ರಲ್ಲಿ ಎದೆಯ ಕಾಯಿಲೆಯಿಂದ ಮಲಗಿದ. ಚೇತರಿಸಿಕೊಂಡು ೧೯೩೧ರಲ್ಲಿ ಸುಣ್ಣಕಲ್ಲು ಪುಡಿಮಾಡುವ ಕಾರ್ಖಾನೆಯೊಂದಕ್ಕೆ ಸೇರಿದ. ಬೂದಿಬೆಟ್ಟಗಳ ಆ ಹುಳಿ ಮಣ್ಣಿಗೆ ಸುಣ್ಣವೇ ಮದ್ದೆಂದು ನಂಬಿ ಅದರ ಮಾದರಿಗಳನ್ನು ಹೊತ್ತು ಊರೂರು ತಿರುಗಿದ. ಆ ಸೆಪ್ಟೆಂಬರಿನಲ್ಲಿ ಭಾರದ ಪೆಟ್ಟಿಗೆಯೊಡನೆ ಟೋಕಿಯೊ ತಲುಪಿ ಕುಸಿದ. ಊರಿಗೆ ಮರಳಿ ಹಾಸಿಗೆಯಲ್ಲಿದ್ದಾಗ, ನವೆಂಬರ್ ೩ರಂದು, ಒಂದು ಸಣ್ಣ ಟಿಪ್ಪಣಿ ಪುಸ್ತಕದಲ್ಲಿ ಕೆಲವು ಸಾಲು ಬರೆದುಕೊಂಡ. ಮಳೆಗೂ ಗಾಳಿಗೂ ಸೋಲದ ದೇಹ, ಆಸೆಯಿಲ್ಲದ ಮನಸ್ಸು, ಸ್ವಲ್ಪ ಅನ್ನ, ಕಷ್ಟದಲ್ಲಿರುವವರ ಬಳಿಗೆ ಹೋಗುವ ಕಾಲುಗಳು, ಇವು ತನಗಿರಲಿ ಎಂಬ ಹಾರೈಕೆ ಅದು. ಬೇಸಗೆ ತಣ್ಣಗಾದಾಗ ಕಂಗೆಟ್ಟು ಅಲೆಯುವುದನ್ನೂ ಆತ ಅದರಲ್ಲಿ ಮರೆತಿಲ್ಲ. ಯಾರಿಗೂ ತೋರಿಸಲಿಲ್ಲ. ಸತ್ತ ಮೇಲೆ ಅದೇ ಪೆಟ್ಟಿಗೆಯ ಒಳಜೇಬಿನಲ್ಲಿ ಆ ಪುಸ್ತಕ ಸಿಕ್ಕಿತು.

೧೯೩೩ರಲ್ಲಿ ಮಾರ್ಚ್ ೩ರಂದು ಕರಾವಳಿಗೆ ಮತ್ತೆ ಸುನಾಮಿ ಬಂತು. ಆದರೆ ಗದ್ದೆಗಳಲ್ಲಿ ಮಾತ್ರ ಆ ವರ್ಷ ಅಪರೂಪದ ಸುಗ್ಗಿ. ಸೆಪ್ಟೆಂಬರಿನ ಊರಹಬ್ಬದಲ್ಲಿ ಕೆಂಜಿ ಬಾಗಿಲಿಗೆ ಬಂದು ದೇವರ ಪಲ್ಲಕ್ಕಿ ನೋಡಿದ. ೨೦ರ ಸಂಜೆ ಒಬ್ಬ ರೈತ ಗೊಬ್ಬರದ ವಿಚಾರ ಕೇಳಲು ಬಂದ. ಮನೆಯವರು ಕಳವಳಪಡುತ್ತಿದ್ದರೂ ರೋಗಿ ಎದ್ದು ಬಟ್ಟೆ ಬದಲಿಸಿ, ಮಂಡಿಯೂರಿ ಕುಳಿತು, ಸುಮಾರು ಒಂದು ಗಂಟೆ ಹೊತ್ತು ಆತನ ಮಾತು ಕೇಳಿ ಉತ್ತರ ಹೇಳಿದ. ಮರುದಿನ ಮಧ್ಯಾಹ್ನ ತೀರಿಕೊಂಡ. ವಯಸ್ಸು ೩೭. ಸದ್ಧರ್ಮಪುಂಡರೀಕ ಸೂತ್ರದ ಸಾವಿರ ಪ್ರತಿಗಳನ್ನು ಅಚ್ಚು ಮಾಡಿಸಿ ಹಂಚಬೇಕೆಂಬುದು ಅವನ ಕೊನೆಯ ಕೋರಿಕೆ. ಮರುವರ್ಷವೇ, ೧೯೩೪ರಲ್ಲಿ, ಯಾಮಾಸೆ ಬೀಸಿತು. ತೋಹೋಕುವಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಮಾರಿದ ಸುದ್ದಿ ಜಪಾನಿನ ಪತ್ರಿಕೆಗಳನ್ನು ತುಂಬಿತು.

ಆಮೇಲಿನದು ಕವಿತೆಯ ಕಥೆ. ೧೯೩೬ರಲ್ಲಿ ಕೆಂಜಿಯ ಹೊಲದ ಮೇಲಣ ದಿಬ್ಬದಲ್ಲಿ ಆ ಸಾಲುಗಳ ಶಿಲೆ ನಿಂತಿತು. ಅಕ್ಷರ ಬರೆದುಕೊಟ್ಟವನು ಹೆಸರಾಂತ ಕವಿ, ಶಿಲ್ಪಿ ತಾಕಾಮುರಾ ಕೋತಾರೋ. ಯುದ್ಧದ ದಿನಗಳಲ್ಲಿ ಸರ್ಕಾರ ಅದೇ ಕವಿತೆಯನ್ನು ಜನರಿಗೆ ಮಿತವ್ಯಯ, ಸಹನೆ ಬೋಧಿಸಲು ಬಳಸಿಕೊಂಡಿತು. ತನಗೆ ತಾನೇ ಹೇಳಿಕೊಂಡ ಹಾರೈಕೆ ಪ್ರಜೆಗಳಿಗೆ ಹೊರಡಿಸಿದ ಅಪ್ಪಣೆಯಂತಾಯಿತು. ಯುದ್ಧ ಮುಗಿದ ಮೇಲೆ ಅದು ಶಾಲೆಯ ಪಠ್ಯಕ್ಕೆ ಬಂತು. ಕೆಂಜಿ ದಿನಕ್ಕೆ ನಾಲ್ಕು 'ಗೋ' ಅಳತೆಯ, ಅಂದರೆ ಸುಮಾರು ೬೦೦ ಗ್ರಾಂ ಪಾಲಿಶ್ ಮಾಡದ ಅಕ್ಕಿಯನ್ನು ಕೇಳಿಕೊಂಡಿದ್ದ. ಗದ್ದೆಯಲ್ಲಿ ದುಡಿಯುವವನಿಗೆ ಅದು ಬಡತನದ ಊಟವೇ. ಆದರೆ ೧೯೪೭ರ ಜಪಾನಿನಲ್ಲಿ ಪಡಿತರದ ಅಕ್ಕಿ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಪಠ್ಯಪುಸ್ತಕದಲ್ಲಿ ನಾಲ್ಕನ್ನು ಮೂರು ಎಂದು ತಿದ್ದಿದರು! ಪಾಠಾಂತರಗಳನ್ನು ಕುರಿತು ನಾವು ಕನ್ನಡ ಮೇಷ್ಟ್ರುಗಳು ತರಗತಿಯಲ್ಲಿ ಎಷ್ಟೋ ಮಾತಾಡಿದ್ದೇವೆ. ಲಿಪಿಕಾರನ ಕೈತಪ್ಪು, ಓಲೆ ಮುರಿದದ್ದು, ಛಂದಸ್ಸಿನ ಅನುಕೂಲ ಎಂದೆಲ್ಲ ಕಾರಣ ಹೇಳಿದ್ದೇವೆ. ಹಸಿವೇ ಕಾರಣವಾಗಿ ಹುಟ್ಟಿದ ಪಾಠಾಂತರವನ್ನು ನಾನು ಕಂಡದ್ದು ಇದೊಂದೇ.

ಆ ಕೋತಾರೋನ ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಯುದ್ಧವನ್ನು ಹಾಡಿಹೊಗಳಿ ಕವಿತೆ ಬರೆದವರಲ್ಲಿ ಆತನೂ ಒಬ್ಬ. ೧೯೪೫ರ ಏಪ್ರಿಲಿನಲ್ಲಿ ಟೋಕಿಯೊದ ಅವನ ಮನೆ ಬಾಂಬಿಗೆ ಸುಟ್ಟಿತು. ಕೆಂಜಿಯ ಮನೆಯವರು ಅವನನ್ನು ಹನಾಮಾಕಿಗೆ ಕರೆದು ಇಟ್ಟುಕೊಂಡರು. ಆಗಸ್ಟ್ ೧೦ರಂದು ಹನಾಮಾಕಿಯ ಮೇಲೂ ಬಾಂಬು ಬಿದ್ದು ಆ ಮನೆಯೂ ಸುಟ್ಟಿತು. ಯುದ್ಧ ಮುಗಿಯಲು ಉಳಿದಿದ್ದುದು ಐದೇ ದಿನ. ಕೆಂಜಿಯ ಅಪ್ರಕಟಿತ ಹಸ್ತಪ್ರತಿಗಳನ್ನು ತಮ್ಮ ಸೇಯಿರೊಕು ಬೆಂಕಿಯಿಂದ ಉಳಿಸಿಕೊಂಡ. ಇಲ್ಲವಾಗಿದ್ದರೆ ಇಂದು ನಾವು ಓದುವ ಕೆಂಜಿಯೇ ಇರುತ್ತಿರಲಿಲ್ಲ. ಕೋತಾರೋ ಊರಾಚೆಯ ಓತಾ ಎಂಬ ಹಳ್ಳಿಯ ಗುಡಿಸಲು ಸೇರಿ, ಹಿಮ ಸೋರುವ ಆ ಬಿಡಾರದಲ್ಲಿ ಏಳು ವರ್ಷ ಒಬ್ಬನೇ ಇದ್ದ. ಹೊಲ ಅಗೆದ, ತನ್ನ ಯುದ್ಧಕವಿತೆಗಳ ತಪ್ಪನ್ನು ಒಪ್ಪಿಕೊಂಡು ಕವಿತೆ ಬರೆದ. ಆ ಗುಡಿಸಲು ಇಂದಿಗೂ ಇದೆ.

ಹನಾಮಾಕಿಯ ಹಸಿವು ನೀಗಿದ್ದು ಯುದ್ಧಾನಂತರ, ಮೂರು ನಾಲ್ಕು ಕಾರಣಗಳು ಕೂಡಿಬಂದು. ೧೯೪೬ರ ಭೂಸುಧಾರಣೆಯ ಕಾನೂನಿನಿಂದ ಗೇಣಿದಾರ ಒಡೆಯನಾದ. ಕಿತಾಕಾಮಿಯ ಕಣಿವೆಯಲ್ಲಿ, ಅಮೆರಿಕದ ಟೆನೆಸೀ ಯೋಜನೆಯ ಮಾದರಿಯಲ್ಲಿ, ಅಣೆಕಟ್ಟುಗಳು ಎದ್ದವು. ಹನಾಮಾಕಿಯ ಪೂರ್ವಕ್ಕಿರುವ ತಾಸೆ ಅಣೆಕಟ್ಟು ೧೯೫೪ರದು. ಎಣ್ಣೆಕಾಗದ ಹೊದಿಸಿ ಸಸಿಮಡಿಯನ್ನು ಬೆಚ್ಚಗಿಡುವ ಉಪಾಯದಿಂದ ನಾಟಿ ಬೇಗ ಆಗತೊಡಗಿತು. ಚಳಿ ಬರುವ ಹೊತ್ತಿಗೆ ಪೈರು ಬಲಿತಿರುತ್ತಿತ್ತು. ತಳಿಗಳೂ ಗಟ್ಟಿಯಾದವು. ಹೀಗೆ ಅಕ್ಕಿ ಹೆಚ್ಚಿತು, ಎಷ್ಟು ಹೆಚ್ಚಿತೆಂದರೆ ಉಣ್ಣುವವರೇ ಸಾಲದಾದರು. ೧೯೭೦ರಿಂದ ಸರ್ಕಾರವೇ ಭತ್ತದ ಗದ್ದೆಯನ್ನು ಕಡಿಮೆ ಮಾಡಿರೆಂದು ರೈತರಿಗೆ ಹಣ ಕೊಡತೊಡಗಿತು. ಶತಮಾನಗಳ ಕಾಲ ಅಕ್ಕಿಗಾಗಿ ಪ್ರಾಣ ಬಿಟ್ಟವರ ಮೊಮ್ಮಕ್ಕಳಿಗೆ ಅಕ್ಕಿ ಬೆಳೆಯಬೇಡಿರೆಂಬ ಆಜ್ಞೆ. ಎಷ್ಟು ಬೆಳೆಯಬೇಕೆಂದು ಸರ್ಕಾರ ಗೊತ್ತುಮಾಡುವ ಪದ್ಧತಿ ೨೦೧೮ರವರೆಗೂ ನಡೆಯಿತು. ನಡುವೆ ೧೯೯೩ರಲ್ಲಿ ಯಾಮಾಸೆ ತಾನಿನ್ನೂ ಇದ್ದೇನೆಂದು ತೋರಿಸಿತು. ಆ ವರ್ಷ ದೇಶದ ಬೆಳೆ ವಾಡಿಕೆಯ ಮುಕ್ಕಾಲು ಪಾಲಿಗೆ ಇಳಿಯಿತು. ಇವಾತೆಯಲ್ಲಿ ಅದಕ್ಕಿಂತಲೂ ಎಷ್ಟೋ ಕಡಿಮೆ. ಜಪಾನ್ ಥಾಯ್ಲೆಂಡಿನಿಂದ ಅಕ್ಕಿ ತರಿಸಿ ಉಂಡಿತು.

ಬಡತನ ಕಲಿಸಿದ ವಿದ್ಯೆಗಳು ಮಾತ್ರ ಆ ಊರಿನಲ್ಲಿ ಉಳಿದು ಇಂದು ಅದರ ಹಿರಿಮೆಯಾಗಿವೆ. ಹಿಮ ಬಿದ್ದು ಗದ್ದೆ ಮಲಗುವ ತಿಂಗಳುಗಳಲ್ಲಿ ಇಶಿದೋರಿಯಾದ ರೈತರು ಅಕ್ಕಿಯ ಮದ್ಯವಾದ ಸಾಕೆ ತಯಾರಿಸಲು ದೂರದೂರದ ಊರುಗಳಿಗೆ ಹೋಗುತ್ತಿದ್ದರು. 'ನಾಂಬು ತೋಜಿ' ಎಂಬ ಹೆಸರಿನ ಆ ಕುಶಲರ ಸಂಪ್ರದಾಯ ಜಪಾನಿನಲ್ಲೇ ಹೆಸರಾದದ್ದು. ೨೦೨೪ರಲ್ಲಿ ಯುನೆಸ್ಕೊ ಈ ಸಾಕೆ ತಯಾರಿಕೆಯ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಓಹಸಾಮಾದ ರೈತರು ಹಯಾಚಿನೆ ಬೆಟ್ಟದ ದೇವರಿಗೆ ಮುಖವಾಡ ತೊಟ್ಟು ಕುಣಿಯುವ ಕಾಗುರಾ ನೃತ್ಯ ೨೦೦೯ರಲ್ಲೇ ಆ ಪಟ್ಟಿಗೆ ಸೇರಿತ್ತು. ಕ್ಷಾಮದ ಅನ್ನವೆಂದು ತಿರಸ್ಕಾರಕ್ಕೊಳಗಾಗಿದ್ದ ಹಿಯೆ, ನವಣೆಗಳು ಆರೋಗ್ಯದ ಧಾನ್ಯಗಳೆಂಬ ಕೀರ್ತಿ ಪಡೆದು ಹನಾಮಾಕಿಯ ಹೊಲಗಳಲ್ಲಿ ಮತ್ತೆ ಬೆಳೆಯುತ್ತಿವೆ. ನಮ್ಮಲ್ಲಿಯೂ ಊದಲು, ಸಾಮೆಗಳಿಗೆ ಇದೇ ಭಾಗ್ಯ ಬಂದಿರುವುದನ್ನು ನೀವು ಕಂಡಿದ್ದೀರಿ. ಆದರೆ ಹೊಲದಲ್ಲಿ ಬಗ್ಗಿ ನಿಂತವರ ತಲೆಗಳು ನರೆತಿವೆ. ಮಕ್ಕಳು ಸೆಂದಾಯಿಗೋ ಟೋಕಿಯೊಗೋ ಹೋಗಿದ್ದಾರೆ. ಜನಸಂಖ್ಯೆ ವರ್ಷ ವರ್ಷವೂ ಇಳಿಯುತ್ತಿದೆ.

ಇನ್ನೊಂದು ವಿಚಿತ್ರವನ್ನು ಹೇಳದೆ ಮುಗಿಸುವಂತಿಲ್ಲ. ೧೯೩೨ರಲ್ಲಿ ಕೆಂಜಿ 'ಗುಸುಕೋ ಬುದೋರಿಯ ಜೀವನಚರಿತ್ರೆ' ಎಂಬ ಕಥೆ ಪ್ರಕಟಿಸಿದ. ಚಳಿಯ ಕ್ಷಾಮದಲ್ಲಿ ತಂದೆ ತಾಯಿಯರನ್ನು ಕಳೆದುಕೊಂಡ ಹುಡುಗ ದೊಡ್ಡವನಾಗಿ ವಿಜ್ಞಾನ ಕಲಿಯುತ್ತಾನೆ. ಮತ್ತೆ ಚಳಿಯ ಬೇಸಗೆ ಬಂದಾಗ, ಒಂದು ಜ್ವಾಲಾಮುಖಿಯನ್ನು ಸಿಡಿಸಿ, ಅದರಿಂದ ಹೊಮ್ಮುವ ಇಂಗಾಲಾನಿಲದಿಂದ ಭೂಮಿಯನ್ನು ಬೆಚ್ಚಗಾಗಿಸುತ್ತಾನೆ. ಸಿಡಿಸುವವನು ಮರಳಿ ಬರುವಂತಿಲ್ಲವೆಂದು ಬಲ್ಲವನಾಗಿಯೇ ತಾನು ಉಳಿದು ಸಾಯುತ್ತಾನೆ. ಆ ಅನಿಲ ಭೂಮಿಯನ್ನು ಬೆಚ್ಚಗಿಡುತ್ತದೆಂಬ ವಿಜ್ಞಾನವನ್ನು ಕೆಂಜಿ ಅಷ್ಟು ಹಿಂದೆಯೇ ಓದಿಕೊಂಡಿದ್ದ. ಆತ ಪ್ರಾಣ ಕೊಟ್ಟು ಪಡೆಯಬೇಕೆಂದು ಕನಸಿದ ಆ ಉಷ್ಣ ಈಗ ಯಾರೂ ಬೇಡದೆ, ಯಾರ ತ್ಯಾಗವೂ ಇಲ್ಲದೆ, ನಮ್ಮೆಲ್ಲರ ಭೋಗದಿಂದಲೇ ಬಂದಿದೆ. ೨೦೨೩ರ ಬೇಸಗೆ ಜಪಾನಿನಲ್ಲಿ ಅದುವರೆಗೆ ದಾಖಲಾದವುಗಳಲ್ಲೆಲ್ಲ ಬಿಸಿಯಾದದ್ದು. ಆ ವರ್ಷ ಹಲವು ಪ್ರಾಂತಗಳಲ್ಲಿ ಭತ್ತದ ಕಾಳು ಸೆಕೆಗೆ ಬೆಳ್ಳಗೆ ಸುಣ್ಣಗಟ್ಟಿ ಬೆಲೆ ಕಳೆದುಕೊಂಡಿತು. ಬೇಸಗೆಯ ಚಳಿಗೆ ಅಂಜುತ್ತಿದ್ದವರು ಈಗ ಬೇಸಗ���ಯ ಬಿಸಿಗೂ ಅಂಜಬೇಕಾಗಿದೆ. ಕೆಂಜಿ ತಪ್ಪಿದನೆಂದು ಹೇಳಬೇಕೆ? ಬುದೋರಿ ಕೇಳಿದ್ದು ಹಸಿದವರ ಬಟ್ಟಲಿಗೆ ಬೇಕಾದಷ್ಟೇ ಬೆಚ್ಚಗೆ. ಆ ಮಿತಿಯನ್ನು ಮರೆತವರು ನಾವು.

ಸಾಹಿತ್ಯವನ್ನು ಮೂರು ದಶಕ ಪಾಠ ಹೇಳಿದವನು ನಾನು. ಸಾಹಿತ್ಯದಿಂದ ಏನು ಪ್ರಯೋಜನ ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಕಾವ್ಯಮೀಮಾಂಸೆಯ ಕಡೆಗೆ ಕೈ ತೋರಿಸಿ ಪಾರಾಗಿದ್ದೇನೆ. ಹನಾಮಾಕಿಯ ಚರಿತ್ರೆ ಓದಿದ ಮೇಲೆ ಅಷ್ಟು ಸುಲಭವಾಗಿ ಪಾರಾಗಲಾರೆ. ಕೆಂಜಿಯ ಕವಿತೆ ಒಂದು ಸೇರು ಅಕ್ಕಿಯನ್ನೂ ಬೆಳೆಯಲಿಲ್ಲ. ಅವನ ಚೀಟಿಗಳೂ ಕ್ಷಾಮವನ್ನು ತಡೆಯಲಿಲ್ಲ. ಆದರೆ ಗಿರವಿ ಅಂಗಡಿಯ ಒಬ್ಬ ಮಗ ತನ್ನ ಅನ್ನದ ಲೆಕ್ಕವನ್ನು ತಾನೇ ಕೇಳಿಕೊಂಡ. ಆ ಲೆಕ್ಕವನ್ನು ಕವಿತೆಯಲ್ಲಿ ಒಂದು ಬಗೆ, ಗದ್ದೆಯಲ್ಲಿ ಒಂದು ಬಗೆ ಎಂದು ಎರಡಾಗಿ ಬರೆಯಲಿಲ್ಲ. ೨೦೧೧ರ ಮಾರ್ಚ್ ೧೧ರ ಸುನಾಮಿ ತೋಹೋಕುವನ್ನು ಕೊಚ್ಚಿದಾಗ ಆ ಜನ ನೆನೆದುಕೊಂಡದ್ದು ಯಾವ ವೀರಗಾಥೆಯನ್ನೂ ಅಲ್ಲ, ಹಾಸಿಗೆ ಹಿಡಿದವನು ಗುಟ್ಟಾಗಿ ಬರೆದಿಟ್ಟ ಆ ಕೆಲವು ಸಾಲುಗಳನ್ನು.

ಕಿತಾಕಾಮಿ ನದಿಯ ದಂಡೆಯಲ್ಲಿ ಒಂದು ಜಾಗವಿದೆ. ಬೇಸಗೆಯಲ್ಲಿ ನೀರು ಇಳಿದಾಗ ಅಲ್ಲಿ ಬಿಳಿಯ ಕೆಸರುಗಲ್ಲಿನ ಹಾಸು ಕಾಣುತ್ತಿತ್ತು. ಕೆಂಜಿ ತನ್ನ ವಿದ್ಯಾರ್ಥಿಗಳನ್ನು ಕರೆದೊಯ್ದು ಅಲ್ಲಿ ಕಲ್ಲಾಗಿಹೋದ ಪುರಾತನ ಅಕ್ರೋಟು ಕಾಯಿಗಳನ್ನು ಹೆಕ್ಕುತ್ತಿದ್ದ. ಇಂಗ್ಲೆಂಡಿನ ಸುಣ್ಣದ ಕಡಲತಡಿಯನ್ನು ನೆನೆದು ಅದಕ್ಕೆ 'ಇಂಗ್ಲಿಷ್ ಕರಾವಳಿ' ಎಂದು ತಮಾಷೆಯ ಹೆಸರಿಟ್ಟಿದ್ದ. ಅಣೆಕಟ್ಟುಗಳು ಬಂದು ನದಿಯ ನೀರು ಹದಕ್ಕೆ ನಿಂತ ಮೇಲೆ ಆ ಹಾಸು ಕಾಣುವುದು ಅಪರೂಪವಾಯಿತು. ಆದರೆ ಪ್ರತಿ ವರ್ಷ ಸೆಪ್ಟೆಂಬರ್ ೨೧ರಂದು, ಕವಿಯ ತಿಥಿಯ ದಿನ, ಮೇಲಣ ಅಣೆಕಟ್ಟುಗಳವರು ಸಾಧ್ಯವಾದಷ್ಟು ನೀರನ್ನು ತಡೆದು ಹಿಡಿಯುತ್ತಾರೆ, ಆ ಬಿಳಿಗಲ್ಲು ಒಂದು ದಿನವಾದರೂ ಕಾಣಲೆಂದು. ಮಳೆ ಹೆಚ್ಚಾದ ವರ್ಷ ಕಾಣುವುದಿಲ್ಲ. ಜನ ದಂಡೆಯ ಮೇಲೆ ನಿಂತು ನೋಡಿ, ಮುಂದಿನ ವರ್ಷ ಕಂಡೀತು ಎಂದುಕೊಂಡು ಮನೆಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಸುತ್ತಲ ಗದ್ದೆಗಳಲ್ಲಿ ಕೊಯ್ಲು ಹತ್ತಿರವಾಗಿರುತ್ತದೆ.